ಜೋಳದ ದರವೂ ರೆಪೊ ದರವೂ

2025ರ ನವೆಂಬರ್ ತಿಂಗಳ ಮಧ್ಯದಲ್ಲಿ ಒಂದು ಬೆಳಿಗ್ಗೆ, ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅವ್ವ ಪತ್ರಿಕೆ ಓದುತ್ತಿದ್ದಳು. ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ, ಅಂದರೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಅಂಗಡಿ ಬೆಲೆಗಳು ಏರಿದ ಪ್ರಮಾಣ, ಶೇ 0.25ಕ್ಕೆ ಇಳಿದಿದೆ, 2012ನ್ನು ಮೂಲ ವರ್ಷವಾಗಿಟ್ಟುಕೊಂಡ ಬೆಲೆ ಸೂಚ್ಯಂಕದಲ್ಲಿ ಇಷ್ಟು ಕಡಿಮೆ ಪ್ರಮಾಣ ಹಿಂದೆಂದೂ ದಾಖಲಾಗಿರಲಿಲ್ಲ ಎಂಬ ಸುದ್ದಿ ಅದರಲ್ಲಿತ್ತು. ಅವ್ವ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ತಮ್ಮಾ, ಹಣದುಬ್ಬರ ಸೊನ್ನಿಗೆ ಬಂದೈತಿ ಅಂತ ಬರದಾರ. ಹಂಗಾದ್ರ ಜ್ವಾಳ ಯಾಕ ಇಳಿದಿಲ್ಲ? ಗಿರಣಿಯಾಂವ ಬೀಸೂ ಕೂಲಿ ಯಾಕ ಇಳಿಸಿಲ್ಲ?"

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಶೇಕಡಾವಾರು ಲೆಕ್ಕವನ್ನು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇನೆ. ಆದರೂ ಆ ಹೊತ್ತಿನಲ್ಲಿ ನಾನು ಕೊಟ್ಟ ಉತ್ತರದಿಂದ ಅವಳಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಅವಳ ಪ್ರಶ್ನೆಯಲ್ಲಿ ಒಂದಲ್ಲ, ಮೂರು ನಾಲ್ಕು ಪ್ರಶ್ನೆಗಳು ಹೆಣೆದುಕೊಂಡಿದ್ದವು. ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕೆಂದು ಅಂದಿನಿಂದ ಮನಸ್ಸಿನಲ್ಲಿತ್ತು.

ಮೊದಲಿನದು ಬರೀ ಲೆಕ್ಕದ ಮಾತು. ಅವ್ವ ಮನೆಯ ಖರ್ಚನ್ನು ಮೊದಲಿನಿಂದಲೂ ಒಂದು ವಹಿಯಲ್ಲಿ ಬರೆದಿಡುತ್ತ ಬಂದಿದ್ದಾಳೆ. ಅದೇ ವಹಿಯ ಕೊನೆಯ ಖಾಲಿ ಹಾಳೆಯ ಮೇಲೆ ನಾನು ಅವಳಿಗೆ ಬರೆದು ತೋರಿಸಿದೆ. 2021ರ ಅಕ್ಟೋಬರಿನಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿನ ಗಂಟು ಒಂದಿತ್ತು ಎಂದುಕೊಳ್ಳೋಣ. 2022ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 6.77 ಇತ್ತು, 2023ರ ಅದೇ ತಿಂಗಳಲ್ಲಿ ಶೇ 4.87, 2024ರಲ್ಲಿ ಶೇ 6.21, 2025ರಲ್ಲಿ ಶೇ 0.25. ಇವನ್ನು ಒಂದರ ಮೇಲೊಂದು ಹಾಕುತ್ತ ಹೋದರೆ ಆ ಗಂಟಿನ ಬೆಲೆ ಮೊದಲ ವರ್ಷ ಸುಮಾರು 107 ರೂಪಾಯಿ, ಆಮೇಲೆ 112, ಆಮೇಲೆ 119 ಆಗಿ, ಕೊನೆಯ ವರ್ಷದಲ್ಲಿ 119 ರೂಪಾಯಿಯ ಮೇಲೆ ಕೆಲವು ಪೈಸೆ ಅಷ್ಟೇ ಏರಿ ನಿಂತಿತು. ಸೊನ್ನೆಯ ಹತ್ತಿರ ಬಂದದ್ದು ಏರುವ ವೇಗ. ಏರಿಹೋದ ಹತ್ತೊಂಬತ್ತು ರೂಪಾಯಿ ಹಾಗೆಯೇ ಉಳಿಯಿತು. ಅವ್ವ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಅಂದ್ರ ಬಸ್ಸು ನಿಂತೈತಿ, ಹೊಳ್ಳಿ ಬಂದಿಲ್ಲ" ಎಂದಳು. ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ.

ಇದರ ಜೊತೆಗೆ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯಿದೆ. ನಮ್ಮ ರಿಸರ್ವ್ ಬ್ಯಾಂಕಿಗೆ ಕಾನೂನು ವಹಿಸಿದ ಗುರಿ ಶೇ 4. ಅದರಿಂದ ಎರಡು ಅಂಶ ಮೇಲಕ್ಕೆ ಅಥವಾ ಕೆಳಕ್ಕೆ ಹೋದರೆ ನಡೆಯುತ್ತದೆ. ಬ್ಯಾಂಕು ತನ್ನ ಕೆಲಸವನ್ನು ಒಂದಿಷ್ಟೂ ತಪ್ಪಿಲ್ಲದೆ ಮಾಡಿತು, ಪ್ರತಿ ವರ್ಷ ಸರಿಯಾಗಿ ಶೇ 4ರಷ್ಟೇ ಏರಿಕೆಯಾಯಿತು ಎಂದಿಟ್ಟುಕೊಂಡರೂ ಹದಿನೆಂಟು ವರ್ಷಕ್ಕೆ ಬೆಲೆ ಇಮ್ಮಡಿಯಾಗುತ್ತದೆ. ಬೆಲೆಗಳನ್ನು ಹಿಂದಕ್ಕೆ ತರುವ ಹೊಣೆ ಅದಕ್ಕೆ ಇಲ್ಲವೇ ಇಲ್ಲ. ಬೆಲೆಗಳೆಲ್ಲ ಒಟ್ಟಿಗೆ ಇಳಿಯತೊಡಗಿದರೆ ವ್ಯಾಪಾರಿ ಮಾಲು ತರಿಸುವುದನ್ನು ನಿಲ್ಲಿಸುತ್ತಾನೆ, ಕೂಲಿ ಕಡಿತವಾಗುತ್ತದೆ, ಹಳೆಯ ಸಾಲದ ಭಾರ ಹೆಚ್ಚುತ್ತದೆ. ಆದ್ದರಿಂದ ಅಲ್ಪ ಏರಿಕೆ ಇರಲಿ ಎಂಬುದು ಅದರ ಹಿಂದಿನ ವಿಚಾರ. ಈ ವಿಚಾರವನ್ನು ನಾನು ಒಪ್ಪುತ್ತೇನೆ. ಆದರೆ 'ಬೆಲೆ ನಿಯಂತ್ರಣಕ್ಕೆ ಬಂದಿದೆ' ಎಂಬ ಮಾತನ್ನು ಕೇಳಿದ ಜನ ಹಳೆಯ ಬೆಲೆ ಮರಳಿ ಬರುತ್ತದೆಂದು ಕಾಯುತ್ತಾರೆ, ಬರದಿದ್ದಾಗ ಯಾರೋ ಸುಳ್ಳು ಹೇಳುತ್ತಿದ್ದಾರೆಂದು ತಿಳಿಯುತ್ತಾರೆ. ಈ ತಪ್ಪು ತಿಳಿವಳಿಕೆ ಉಳಿದಿರುವುದಕ್ಕೆ ಬಿಡಿಸಿ ಹೇಳದವರೇ ಕಾರಣ.

ನಮ್ಮ ಮಾತಿನಲ್ಲೇ ಈ ಎರಡರ ನಡುವೆ ಒಂದು ಗೆರೆ ಇದೆ. ಬೆಲೆ ಹೆಚ್ಚಾದರೆ ನಾವು 'ತುಟ್ಟಿ ಆಗೈತಿ' ಎನ್ನುತ್ತೇವೆ, ಇಳಿದರೆ 'ಸೋವಿ ಆಗೈತಿ' ಎನ್ನುತ್ತೇವೆ. ಎರಡೂ ಸಾಮಾನಿಗೆ ಅಂಟಿಕೊಂಡ ಮಾತುಗಳು: ಉಳ್ಳಾಗಡ್ಡಿ ತುಟ್ಟಿಯಾಗುತ್ತದೆ, ಬೆಲ್ಲ ಸೋವಿಯಾಗುತ್ತದೆ. 'ಹಣದುಬ್ಬರ' ಎಂಬ ಪದ ಮಾತ್ರ ದೋಷವನ್ನು ಹಣದ ಮೇಲೆ ಹೊರಿಸುತ್ತದೆ. ಉಬ್ಬಿದ್ದು ಹಣ, ಸಾಮಾನಲ್ಲ. ಕರಾವಳಿಯವರಿಗೆ ಉಬ್ಬರವೆಂದರೆ ಸಮುದ್ರದ ನೀರೇರುವುದು, ಅದರ ಬೆನ್ನಿಗೇ ಇಳಿತವೂ ಬರುತ್ತದೆ. ಒಣನಾಡಿನ ನಮಗೆ ಉಬ್ಬರವೆಂದರೆ ಹೊಟ್ಟೆಯುಬ್ಬರ. ಹಣದ ಉಬ್ಬರಕ್ಕೆ ನಮ್ಮ ಅರ್ಥವೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಇಲ್ಲಿ ತಾನಾಗಿ ಬರುವ ಇಳಿತವಿಲ್ಲ.

ತುಟ್ಟಿಯಾಗುವುದೆಲ್ಲ ಹಣದುಬ್ಬರವಲ್ಲ. ಈ ಸೀಮೆಯವರಿಗೆ ಇದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1876ರಿಂದ 1878ರವರೆಗಿನ ಮಹಾ ಬರದಲ್ಲಿ, ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ತತ್ತರಿಸಿಹೋಗಿತ್ತು. ಆಗ ಕಾಳಿನ ಬೆಲೆ ಏರಿದ್ದು ಜನರ ಕೈಯಲ್ಲಿ ಹಣ ಹೆಚ್ಚಾಗಿದ್ದರಿಂದಲ್ಲ, ಹೊಲದಲ್ಲಿ ಕಾಳೇ ಇಲ್ಲದ್ದರಿಂದ. ಬೆಲೆ ತಡೆಯಲು ರಿಸರ್ವ್ ಬ್ಯಾಂಕು ಏರಿಸುವ ಯಾವ ಬಡ್ಡಿ ದರವೂ ನೆಲದೊಳಗಿನ ಕಣಜವಾದ ಹಗೇವಿಗೆ ಜೋಳ ತುಂಬಲಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗಲೂ ನಮ್ಮ ಜೋಳ ತುಟ್ಟಿಯಾದದ್ದು ಇದೇ ಕಾರಣಕ್ಕೆ.

ಎಣ್ಣೆಯ ಕಥೆ ಇನ್ನೂ ದೂರದಿಂದ ಬಂದದ್ದು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಒಗ್ಗರಣೆಗೆ ಬೀಳುತ್ತಿದ್ದದ್ದು ಗಾಣದ ಕುಸುಬಿ ಎಣ್ಣೆ ಇಲ್ಲವೇ ಶೇಂಗಾ ಎಣ್ಣೆ. ಹೊಲದ ಕುಸುಬಿಯನ್ನು ಗಾಣಕ್ಕೆ ಹಾಕಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಕಟಾವಿನ ಹೊತ್ತಿಗೆ ಕೈಗೆ ಮುಳ್ಳು ಚುಚ್ಚುವ ಆ ಬೆಳೆಯನ್ನು ಜನ ಕ್ರಮೇಣ ಬಿಟ್ಟರು, ಅಡುಗೆಮನೆಗೆ ಸೂರ್ಯಕಾಂತಿ ಎಣ್ಣೆಯ ಪಾಕೀಟು ಬಂತು. ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಹೊರಗಿನಿಂದ ಬರುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು. ನಾವು ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದ್ದೇ ಆಗಿತ್ತು. ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತನ್ನ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಅವ್ವನ ವಹಿಯಲ್ಲಿ ಆ ತಿಂಗಳುಗಳ ಎಣ್ಣೆಯ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆಯಿದೆ. ಯುದ್ಧದ ಸುದ್ದಿಯನ್ನು ಅವಳು ದೂರದರ್ಶನದಲ್ಲಿ ನೋಡುವ ಮೊದಲೇ ಕಿರಾಣಿ ಅಂಗಡಿಯ ಚೀಟಿಯಲ್ಲಿ ಓದಿದ್ದಳು.

ಹೀಗೆ ಒಂದೊಂದು ಸಾಮಾನು ಒಂದೊಂದು ಕಾರಣಕ್ಕೆ ತುಟ್ಟಿಯಾಗುತ್ತದೆ. ಅದು ಹಣದುಬ್ಬರವಾಗಿ ಬದಲಾಗುವುದು ಯಾವ ಗಳಿಗೆಯಲ್ಲಿ ಎಂಬುದನ್ನು ಪುಸ್ತಕಗಳಲ್ಲಿ ಓದಿದ್ದೆನಾದರೂ, ಅದನ್ನು ಕಣ್ಣಾರೆ ಕಂಡದ್ದು ಮಾರುಕಟ್ಟೆಯ ಹತ್ತಿರದ ಒಂದು ಖಾನಾವಳಿಯಲ್ಲಿ. ಅಲ್ಲಿ ಗಲ್ಲೆಯ ಹಿಂದಿನ ಗೋಡೆಗೆ ಊಟದ ದರದ ತಗಡಿನ ಫಲಕವಿದೆ. ದರ ಬದಲಾದಾಗಲೆಲ್ಲ ಹಳೆಯ ಅಂಕಿಯ ಮೇಲೆ ಬಿಳಿ ಬಣ್ಣ ಬಳಿದು ಹೊಸದನ್ನು ಬರೆಸುತ್ತಾರೆ. ಬಣ್ಣ ತೆಳುವಾದ ಕಡೆ ಹಿಂದಿನ ಅಂಕಿಗಳು ಒಂದರ ಕೆಳಗೊಂದು ಮಸುಕಾಗಿ ಕಾಣುತ್ತವೆ. ಉಳ್ಳಾಗಡ್ಡಿ, ಎಣ್ಣೆ ಎರಡೂ ತುಟ್ಟಿಯಾದ ವರ್ಷ ಊಟದ ದರ ಏರಿತು. ಎರಡೂ ಇಳಿದ ಮೇಲೆ ಒಂದು ದಿನ ನಾನು ಮಾಲೀಕರನ್ನು ಕೇಳಿದೆ. ಅವರು ಚಿಲ್ಲರೆ ಎಣಿಸುತ್ತಲೇ ಹೇಳಿದರು: "ಸರ್, ಉಳ್ಳಾಗಡ್ಡಿ ಇಳಿತು, ಖರೆ ಐತಿ. ಆದ್ರ ರೊಟ್ಟಿ ಬಡಿಯೋ ಅಕ್ಕಂದಿರ ಪಗಾರ ಹೆಚ್ಚಿಗಿ ಮಾಡೀನಲ್ರಿ. ಅದನ್ನ ಹೆಂಗ ಇಳಿಸ್ಲಿ?"

ಆ ಅಕ್ಕಂದಿರು ಪಗಾರ ಹೆಚ್ಚು ಮಾಡಿರೆಂದು ಕೇಳಿದ್ದು ಅವರ ಮನೆಯಲ್ಲಿಯೂ ಎಣ್ಣೆ ತುಟ್ಟಿಯಾದದ್ದರಿಂದ. ಮಾಲೀಕರು ಒಪ್ಪಿದ್ದು, ಒಪ್ಪದಿದ್ದರೆ ಅವರು ಪಕ್ಕದ ಖಾನಾವಳಿಗೆ ಹೋಗುತ್ತಾರೆಂಬುದರಿಂದ. ಗಿರಾಕಿಗಳು ಹೊಸ ದರ ಕೊಟ್ಟದ್ದು, ಹೇಗೂ ಎಲ್ಲ ಕಡೆಯೂ ಏರುತ್ತಿದೆ ಎಂದು ಮನಸ್ಸನ್ನು ಮೊದಲೇ ಹೊಂದಿಸಿಕೊಂಡದ್ದರಿಂದ. ಇವರಲ್ಲಿ ಯಾರೂ ತಪ್ಪು ಮಾಡಿಲ್ಲ, ಆಸೆಬುರುಕರೂ ಅಲ್ಲ. ಆದರೆ ಮಳೆಯಿಂದಲೋ ಯುದ್ಧದಿಂದಲೋ ಹುಟ್ಟಿ, ಒಂದು ಸುಗ್ಗಿಯಲ್ಲಿ ಇಳಿದುಹೋಗಬೇಕಾಗಿದ್ದ ಏರಿಕೆಯೊಂದು ಈಗ ಪಗಾರದೊಳಗೆ ಸೇರಿಕೊಂಡಿತು, ಪಗಾರದ ಮೂಲಕ ಊಟದ ದರದೊಳಗೆ, ಅಲ್ಲಿಂದ ಊಟ ಮಾಡಿ ಹೋಗುವ ಹಮಾಲರ ಕೂಲಿಯೊಳಗೆ. ಅವ್ವ ಕೇಳಿದ ಗಿರಣಿಯ ಕೂಲಿಯೂ ಇಂಥದೇ. ಇಳಿಯಬಹುದಾಗಿದ್ದ ಬೆಲೆ ಇಳಿಯುವ ದಾರಿಯನ್ನು ಕಳೆದುಕೊಳ್ಳುವ ಈ ಗಳಿಗೆಯೇ ತುಟ್ಟಿ ಹಣದುಬ್ಬರವಾಗುವ ಗಳಿಗೆ. ಕೇಂದ್ರ ಬ್ಯಾಂಕಿನ ನಿಜವಾದ ಕೆಲಸದ ಜಾಗವೂ ಇದೇ ಎಂದು ನಾನು ತಿಳಿದಿದ್ದೇನೆ.

ಇದರಲ್ಲಿ ಎಲ್ಲರ ಕೂಲಿಯೂ ಒಂದೇ ಹೊತ್ತಿಗೆ ಏರುವುದಿಲ್ಲ ಎಂಬುದನ್ನು ಮರೆಯಬಾರದು. ಗುಳೇದಗುಡ್ಡದ ಖಣ ನೇಯುವವರ, ಇಳಕಲ್ಲಿನ ಸೀರೆ ನೇಯುವವರ ನೂಲಿನ ದರ ಇಂದು ಏರಿದರೆ ಮಗ್ಗದ ಕೂಲಿ ಏರಲು ಎಷ್ಟೋ ತಿಂಗಳು ಬೇಕು, ಕೆಲವೊಮ್ಮೆ ಅದು ಏರುವುದೇ ಇಲ್ಲ. ತುಟ್ಟಿಭತ್ಯೆ ಪಡೆಯುವ ನನ್ನಂಥವನಿಗೆ ವರ್ಷದಲ್ಲಿ ಎರಡು ಸಲ ಸರ್ಕಾರ ಸರಿದೂಗಿಸುತ್ತದೆ. ಮಗ್ಗದ ಮುಂದೆ ಕುಳಿತವರಿಗೆ ಸರಿದೂಗಿಸುವವರಿಲ್ಲ. ಹಣದುಬ್ಬರವನ್ನು ತಡೆಯಲೇಬೇಕು ಎನ್ನಲು ನನಗೆ ಈ ಒಂದು ಕಾರಣ ಸಾಕು.

ಈಗ ರಿಸರ್ವ್ ಬ್ಯಾಂಕಿನ ಕೈಯಲ್ಲಿರುವುದು ಏನು ಎಂಬ ಪ್ರಶ್ನೆ. 1935ರಲ್ಲಿ ಆರಂಭವಾದ ಈ ಸಂಸ್ಥೆಗೆ ಹಣದುಬ್ಬರದ ಗುರಿ ಕಾನೂನಿನ ರೂಪದಲ್ಲಿ ಬಂದದ್ದು ತೀರ ಈಚೆಗೆ, 2016ರಲ್ಲಿ. ಆ ವರ್ಷ ಮಾಡಿದ ತಿದ್ದುಪಡಿಯಂತೆ ಆರು ಜನರ ಹಣಕಾಸು ನೀತಿ ಸಮಿತಿ ರಚನೆಯಾಯಿತು. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಮತಗಳು ಸಮವಾದರೆ ಗವರ್ನರ್ ಅವರ ಮತ ನಿರ್ಣಾಯಕ. ಸತತ ಮೂರು ತ್ರೈಮಾಸಿಕಗಳ ಸರಾಸರಿ ಶೇ 6ನ್ನು ಮೀರಿದರೆ ಅಥವಾ ಶೇ 2ಕ್ಕಿಂತ ಕೆಳಗಿಳಿದರೆ ಬ್ಯಾಂಕು ಕಾರಣ ವಿವರಿಸಿ ಸರ್ಕಾರಕ್ಕೆ ವರದಿ ಕೊಡಬೇಕು. 2022ರಲ್ಲಿ ಹಾಗೆ ಕೊಡಬೇಕಾಗಿ ಬಂತು. ಆ ವರದಿಯನ್ನು ಪ್ರಕಟಿಸಲಿಲ್ಲ. ಅದನ್ನು ಜನರ ಮುಂದಿಡಬೇಕಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುರಿ ತಪ್ಪಿದರೆ ಕಾರಣ ಹೇಳಬೇಕೆಂಬ ನಿಯಮ ಇರುವುದು ಯಾರ ಅಡುಗೆಮನೆಯಲ್ಲಿ ಪೆಟ್ಟು ಬಿತ್ತೋ ಅವರಿಗಾಗಿ.

ಸಮಿತಿ ನಿರ್ಧರಿಸುವುದು ಮುಖ್ಯವಾಗಿ ಒಂದೇ ಅಂಕಿಯನ್ನು, ರೆಪೊ ದರವನ್ನು. ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಪಡೆಯುವ ಹಣಕ್ಕೆ ತೆರುವ ಬಡ್ಡಿ ಇದು. ಇದನ್ನು ಏರಿಸಿದರೆ ಬ್ಯಾಂಕುಗಳು ಜನರಿಗೆ ಕೊಡುವ ಸಾಲವೂ ತುಟ್ಟಿಯಾಗುತ್ತದೆ. ಮನೆ ಕಟ್ಟುವವರು ಒಂದು ವರ್ಷ ತಡೆಯುತ್ತಾರೆ, ಟ್ರ್ಯಾಕ್ಟರ್ ಕೊಳ್ಳುವವರು ಹಳೆಯದನ್ನೇ ರಿಪೇರಿ ಮಾಡಿಸುತ್ತಾರೆ, ಅಂಗಡಿಕಾರರು ಕಡಿಮೆ ಮಾಲು ತುಂಬುತ್ತಾರೆ. ಕೊಳ್ಳುವ ಕೈ ಹಿಂಜರಿದಾಗ ದರ ಏರಿಸುವ ಕೈಯೂ ಹಿಂಜರಿಯುತ್ತದೆ ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ಇದು ಹೊಸ ಮದ್ದೇನೂ ಅಲ್ಲ. 1972ರ ಬರ ಮತ್ತು 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಬೆಲೆಗಳು ಕೈಮೀರಿ ಹೋದಾಗ, 1974ರ ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಮುಖ್ಯ ಬಡ್ಡಿ ದರವಾದ ಬ್ಯಾಂಕ್ ದರವನ್ನು ಶೇ 7ರಿಂದ ಶೇ 9ಕ್ಕೆ ಏರಿಸಿದ್ದರು. ಅವ್ವನಿಗೆ ಆ ವರ್ಷಗಳ ಬರ ನೆನಪಿದೆ, ಬ್ಯಾಂಕ್ ದರದ ಸುದ್ದಿ ಮನೆಯವರೆಗೆ ಬಂದ ನೆನಪಿಲ್ಲ. ಆಗ ನಮ್ಮ ಮನೆಯಲ್ಲಿ ಬ್ಯಾಂಕಿನ ಖಾತೆಯೇ ಇರಲಿಲ್ಲ.

2022ರಲ್ಲಿ ಮಾತ್ರ ಅದು ಮನೆಯೊಳಗೇ ಬಂತು. ಏಪ್ರಿಲ್ ತಿಂಗಳ ಹಣದುಬ್ಬರ ಶೇ 7.79 ಆಯಿತು. ಆ ಅಂಕಿ ಹೊರಬೀಳುವ ಮೊದಲೇ, ಮೇ 4ರಂದು, ವೇಳಾಪಟ್ಟಿಯಲ್ಲಿಲ್ಲದ ಸಭೆ ನಡೆಸಿ ಸಮಿತಿ ರೆಪೊ ದರವನ್ನು ಶೇ 4ರಿಂದ ಶೇ 4.40ಕ್ಕೆ ಏರಿಸಿತು. ಒಂದಾದ ಮೇಲೊಂದು ಏರಿಕೆಯಾಗಿ 2023ರ ಫೆಬ್ರುವರಿಗೆ ಅದು ಶೇ 6.50 ಮುಟ್ಟಿತು. ನನ್ನ ಸಹೋದ್ಯೋಗಿಯೊಬ್ಬರು 2021ರ ಆರಂಭದಲ್ಲಿ ಮನೆಗಾಗಿ 12 ಲಕ್ಷ ರೂಪಾಯಿ ಸಾಲ ಮಾಡಿದ್ದರು. ಇಪ್ಪತ್ತು ವರ್ಷದ ಅವಧಿ, ಶೇ 7ರ ಬಡ್ಡಿ, ತಿಂಗಳಿಗೆ 9,304 ರೂಪಾಯಿ ಕಂತು. 2019ರ ಅಕ್ಟೋಬರಿನಿಂದ ಇಂಥ ಹೊಸ ಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಬೇಕೆಂಬ ನಿಯಮವಿರುವುದರಿಂದ, ಅಲ್ಲಿ ಎರಡೂವರೆ ಅಂಶ ಏರಿದ್ದು ಇಲ್ಲಿಯೂ ಎರಡೂವರೆ ಅಂಶ ಏರಿತು. ಕಂತು ಅಷ್ಟೇ ಇದ್ದುದರಿಂದ ಅವರಿಗೆ ಏನೂ ಗೊತ್ತಾಗಲಿಲ್ಲ. ಬ್ಯಾಂಕು ಅವರಿಗೆ ಒಂದು ಮಾತೂ ತಿಳಿಸದೆ ಅವಧಿಯನ್ನು ಹಿಗ್ಗಿಸುತ್ತ ಹೋಗಿತ್ತು.

ಒಂದು ಮಧ್ಯಾಹ್ನ ಶಿಕ್ಷಕರ ಕೊಠಡಿಯಲ್ಲಿ ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಸುಲಭವಾಗಲೆಂದು ಏರಿಕೆಯೆಲ್ಲ ಎರಡು ವರ್ಷ ತುಂಬಿದ ದಿನ ಒಮ್ಮೆಲೇ ಬಂತೆಂದು ಇಟ್ಟುಕೊಂಡೆವು. ಆಗ ಉಳಿದ ಅಸಲು ಸುಮಾರು 11 ಲಕ್ಷ 41 ಸಾವಿರ. ಶೇ 9.5ರಂತೆ ಅದರ ಒಂದು ತಿಂಗಳ ಬಡ್ಡಿಯೇ 9,032 ರೂಪಾಯಿ. ಕಟ್ಟುವ 9,304ರಲ್ಲಿ ಅಸಲಿಗೆ ಜಮೆಯಾಗುವುದು 272 ರೂಪಾಯಿ. ಹದಿನೆಂಟು ವರ್ಷದಲ್ಲಿ ಮುಗಿಯಬೇಕಾಗಿದ್ದ ಸಾಲ ಅದೇ ಕಂತಿನಲ್ಲಿ ಮುಗಿಯಲು ಮೂವತ್ತೇಳು ವರ್ಷ ಬೇಕು. ಅವರಿಗೆ ಆಗ ನಲವತ್ತೆರಡು ವಯಸ್ಸು. ಅವರು ಪೆನ್ನು ಕೆಳಗಿಟ್ಟು, "ಅಂದ್ರ ನಾ ಎಂಬತ್ತು ಮುಟ್ಟೂತನಕ?" ಎಂದು ಕೇಳಿ ಸುಮ್ಮನಾದರು. ಅವಧಿ ಹದಿನೆಂಟು ವರ್ಷವೇ ಉಳಿಯಬೇಕಾದರೆ ಕಂತು 11,042 ಆಗಬೇಕಿತ್ತು. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬುದನ್ನು ಸಾಲಗಾರರಿಗೆ ತಿಳಿಸಿ, ಅವರ ಆಯ್ಕೆಗೆ ಬಿಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸೂಚಿಸಿತು. ಸೂಚನೆ ಒಳ್ಳೆಯದು, ಆದರೆ ದರ ಏರತೊಡಗಿ ಆಗಲೇ ಹದಿನೈದು ತಿಂಗಳಾಗಿತ್ತು.

ನನ್ನನ್ನು ಕಾಡುವ ಸಂಗತಿ ಇದರ ಮಗ್ಗುಲಲ್ಲೇ ಇದೆ. ಅದೇ ವರ್ಷ ಅದೇ ಊರಿನಲ್ಲಿ ಬೇರೆ ಸಾಲಗಾರರಿಗೆ ರೆಪೊ ದರ ಏನೂ ಮಾಡಲಿಲ್ಲ. ನಮ್ಮ ಮಾವನ ಮಗ ಕೊಲ್ಹಾರದ ಕಡೆ ಉಳ್ಳಾಗಡ್ಡಿ ಬೆಳೆಯುತ್ತಾನೆ. ಸಹಕಾರಿ ಸಂಘದ ಅವನ ಬೆಳೆಸಾಲಕ್ಕೆ ರಾಜ್ಯ ಸರ್ಕಾರದ ಯೋಜನೆಯಂತೆ ಬಡ್ಡಿಯೇ ಇಲ್ಲ. ಅದೇ ಅವನು ಮಗಳ ಮದುವೆಗೆ ಮಾಡಿದ ಕೈಗಡಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ಶೇ 24. ಮುಂಬೈಯಲ್ಲಿ ರೆಪೊ ಶೇ 4 ಇದ್ದಾಗಲೂ ಅದು ಎರಡು ರೂಪಾಯಿಯೇ, ಶೇ 6.50 ಇದ್ದಾಗಲೂ ಎರಡು ರೂಪಾಯಿಯೇ, 2025ರಲ್ಲಿ ನಾಲ್ಕು ಸಲ ಇಳಿಸಿ ಡಿಸೆಂಬರಿಗೆ ಶೇ 5.25ಕ್ಕೆ ತಂದಾಗಲೂ ಎರಡು ರೂಪಾಯಿಯೇ. ಸೊನ್ನೆ ಮತ್ತು ಇಪ್ಪತ್ತನಾಲ್ಕರ ನಡುವೆ ಬದುಕುವವರ ಮೇಲೆ ಅರ್ಧ ಅಂಶದ ಏರಿಳಿತಕ್ಕೆ ಹಿಡಿತವಿಲ್ಲ. ಹೀಗಾಗಿ ಮದ್ದಿನ ಕಹಿಯೆಲ್ಲ ಬ್ಯಾಂಕಿನ ಪುಸ್ತಕದಲ್ಲಿ ಹೆಸರಿರುವ ಒಂದು ವರ್ಗದ ಬಾಯಿಗೆ ಬೀಳುತ್ತದೆ. ಬ್ಯಾಂಕಿನಿಂದ ಸಾಲ ಸಿಗದವರಿಗೆ ದರ ಇಳಿದಾಗಿನ ಸಿಹಿಯೂ ಇಲ್ಲ.

ಠೇವಣಿ ಇಟ್ಟವರ ಕಡೆಯಿಂದ ನೋಡಿದರೆ ಚಿತ್ರ ತಿರುಗುಮುರುಗಾಗುತ್ತದೆ, ನ್ಯಾಯಕ್ಕಾಗಿ ಅದನ್ನೂ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಬಂದ ಹಣವನ್ನು ಅವ್ವ ಮುದ್ದತ್ತಿನ ಠೇವಣಿಯಲ್ಲಿ ಇಟ್ಟಿದ್ದಾಳೆ. ರೆಪೊ ಶೇ 4 ಇದ್ದ ಕಾಲದಲ್ಲಿ ಆ ಠೇವಣಿಗೆ ಬರುತ್ತಿದ್ದದ್ದು ಶೇ 5.5ರಷ್ಟು. ಎರಡು ಲಕ್ಷಕ್ಕೆ ವರ್ಷಕ್ಕೆ ಹನ್ನೊಂದು ಸಾವಿರ. ಬೆಲೆಗಳು ಶೇ 7ರಂತೆ ಏರಿದರೆ ಎರಡು ಲಕ್ಷದ ಸಾಮಾನಿಗೆ ವರ್ಷದ ಕೊನೆಗೆ ಎರಡು ಲಕ್ಷ ಹದಿನಾಲ್ಕು ಸಾವಿರ ಬೇಕು. ಪಾಸ್‌ಬುಕ್ಕಿನಲ್ಲಿ ಹಣ ಬೆಳೆದಂತೆ ಕಾಣುತ್ತಿದ್ದಾಗಲೇ ಮೂರು ಸಾವಿರ ಕರಗಿಹೋಗಿರುತ್ತದೆ. ನನ್ನ ಸಹೋದ್ಯೋಗಿಯ ಕಂತನ್ನು ಭಾರವಾಗಿಸಿದ ಅದೇ ದರ ಏರಿಕೆ ಅವ್ವನ ಠೇವಣಿಗೆ ತಡವಾಗಿಯಾದರೂ ಆಧಾರವಾಯಿತು. ಬಡ್ಡಿ ಏರಿಸುವುದು ಜನವಿರೋಧಿ ಎಂದು ಒಂದೇ ಮಾತಿನಲ್ಲಿ ಹೇಳುವವರು ನಮ್ಮವ್ವನಂಥ ಮುದುಕಿಯರನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಉಳ್ಳಾಗಡ್ಡಿಯ ವಿಷಯ ಬಂದಾಗ ಮಾತ್ರ ನನ್ನ ಮನಸ್ಸು ಸಮತೋಲ ಕಳೆದುಕೊಳ್ಳುತ್ತದೆ. 2023ರ ಜುಲೈಯಲ್ಲಿ ಟೊಮ್ಯಾಟೊ ಬೆಲೆ ಮುಗಿಲು ಮುಟ್ಟಿ ಹಣದುಬ್ಬರ ಶೇ 7.44 ಆದಾಗ ಸಮಿತಿ ರೆಪೊ ದರವನ್ನು ಮುಟ್ಟಲಿಲ್ಲ. ಹೊಸ ಫಸಲು ಬಂದರೆ ಟೊಮ್ಯಾಟೊ ತಾನಾಗಿ ಇಳಿಯುತ್ತದೆಂದು ಅದಕ್ಕೆ ಗೊತ್ತಿತ್ತು, ಸೆಪ್ಟೆಂಬರಿಗೆ ಶೇ 5.02ಕ್ಕೆ ಇಳಿಯಿತು ಕೂಡ. ಅದು ತಿಳಿದವರ ತಾಳ್ಮೆ. ಆ ತಾಳ್ಮೆ ಉಳ್ಳಾಗಡ್ಡಿ ಬೆಳೆದವರ ಪಾಲಿಗೆ ಬರಲಿಲ್ಲ. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು, ಡಿಸೆಂಬರ್ 8ರಂದು ರಫ್ತನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ, ಅದೂ ಸುಂಕ ಉಳಿಸಿಕೊಂಡೇ. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. 2012ರ ಸೂಚ್ಯಂಕದಲ್ಲಿ ಉಳ್ಳಾಗಡ್ಡಿಯ ತೂಕ ಶೇ 0.64. ನೂರು ಪಾಲಿನಲ್ಲಿ ಒಂದು ಪಾಲಿನ ಮುಕ್ಕಾಲಿಗೂ ಕಡಿಮೆ ತೂಗುವ ಈ ಒಂದು ಸಾಮಾನಿನ ಬೆಲೆ ಇಳಿಸಲು ಬಸವನ ಬಾಗೇವಾಡಿ, ನಿಡಗುಂದಿ, ಕೊಲ್ಹಾರದ ಹೊಲಗಳ ಇಡೀ ವರ್ಷದ ದುಡಿಮೆಗೆ ಕತ್ತರಿ ಬಿತ್ತು.

2025ರ ಶರತ್ಕಾಲದಲ್ಲಿ ತರಕಾರಿ ಬೆಲೆಗಳು ಕುಸಿದವು. ಅವ್ವ ಪತ್ರಿಕೆಯಲ್ಲಿ ಓದಿದ ಶೇ 0.25ರ ಹಿಂದೆ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಕಡಿತವಿತ್ತು, ಹಿಂದಿನ ವರ್ಷ ಇದೇ ತಿಂಗಳಲ್ಲಿ ಆಹಾರದ ಬೆಲೆ ಬಹಳ ಎತ್ತರದಲ್ಲಿದ್ದುದೂ ಇತ್ತು, ಮತ್ತು ಈ ಕುಸಿತವಿತ್ತು. ಆ ದಿನಗಳಲ್ಲಿ ಮಾವನ ಮಗ ಎಪಿಎಂಸಿಯಿಂದ ನಮ್ಮ ಮನೆಗೆ ಬಂದಿದ್ದ. ಅಂಗಿಯ ಜೇಬಿನಿಂದ ದಲಾಲಿ ಅಂಗಡಿಯ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದ. ಚೀಲಗಳ ಲೆಕ್ಕ, ತೂಕ, ಸವಾಲಿನಲ್ಲಿ ಕೂಗಿದ ದರ. ಅದರ ಕೆಳಗೆ ಹಮಾಲಿ, ತೂಕದ ಕೂಲಿ, ಗಾಡಿ ಬಾಡಿಗೆ ಒಂದೊಂದಾಗಿ ಕಳೆದು ಕೊನೆಯಲ್ಲಿ ಉಳಿದ ಮೊತ್ತ. ಅದು ಬೀಜಕ್ಕೆ ಹಾಕಿದ್ದಕ್ಕೂ ಸಾಲುತ್ತಿರಲಿಲ್ಲ. ಅವನ ಬೆರಳಿನ ಸಂದಿಯಲ್ಲಿ ಉಳ್ಳಾಗಡ್ಡಿಯ ಒಣ ಸಿಪ್ಪೆಯ ಕೆಂಪು ಇನ್ನೂ ಅಂಟಿಕೊಂಡಿತ್ತು. ಅವ್ವ ಅವನಿಗೆ ರೊಟ್ಟಿ ಬಡಿಸಿದಳು, ಪತ್ರಿಕೆಯ ಸುದ್ದಿಯನ್ನು ಎತ್ತಲಿಲ್ಲ. ದೇಶದ ಹಣದುಬ್ಬರ ಇಳಿದದ್ದರಲ್ಲಿ ಒಂದು ಪಾಲು ಆ ಪಟ್ಟಿಯಲ್ಲಿತ್ತು.

ಆಹಾರವನ್ನು ಬಿಟ್ಟು ಉಳಿದ ಬೆಲೆಗಳ ಮೇಲೆ ಮಾತ್ರ ಗುರಿ ಇಡುವುದನ್ನು ಪರಿಶೀಲಿಸಬೇಕೆಂದು 2024ರ ಜುಲೈಯಲ್ಲಿ ಮಂಡನೆಯಾದ ಆರ್ಥಿಕ ಸಮೀಕ್ಷೆ ಸೂಚಿಸಿತು. ಮರು ತಿಂಗಳು ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು, ಆಗಿನ ಸೂಚ್ಯಂಕದಲ್ಲಿ ಶೇ 46ರಷ್ಟಿದ್ದ ಆಹಾರವನ್ನು ಕಡೆಗಣಿಸಲಾಗದು, ಜನ ಹಣದುಬ್ಬರವನ್ನು ಅರಿಯುವುದು ಹೆಚ್ಚಾಗಿ ಆಹಾರದ ಮೂಲಕವೇ ಎಂಬ ಅರ್ಥದಲ್ಲಿ ಮಾತನಾಡಿದರು. ಎರಡೂ ವಾದಗಳಲ್ಲಿ ಹುರುಳಿದೆ. ಬಡ್ಡಿಯಿಂದ ಮಳೆ ಬರುವುದಿಲ್ಲ ಎಂಬುದು ಮೊದಲನೆಯದರ ಸತ್ವ. ಆದರೆ ನಾನು ಗವರ್ನರ್ ಅವರ ಪಕ್ಷ. ಅವ್ವನ ವಹಿಯಿಂದ ಜೋಳ, ಬೇಳೆ, ಎಣ್ಣೆ, ಹಾಲುಗಳ ಸಾಲು ತೆಗೆದರೆ ಕರೆಂಟ್ ಬಿಲ್ಲು ಮತ್ತು ಔಷಧಿ ಅಷ್ಟೇ ಉಳಿಯುತ್ತವೆ. ಖಾನಾವಳಿಯ ಅಕ್ಕಂದಿರು ಪಗಾರ ಕೇಳಿದ್ದು ಎಣ್ಣೆಯ ಬೆಲೆ ನೋಡಿ. ಅಡುಗೆಮನೆಯಲ್ಲಿ ಹುಟ್ಟಿ ಪಗಾರಕ್ಕೆ ದಾಟುವ ಬೆಂಕಿಯನ್ನು ಅಡುಗೆಮನೆಗೆ ಬೆನ್ನು ತಿರುಗಿಸಿ ನಿಂತವರು ಕಾಯಲಾರರು. ಆಹಾರ ಗುರಿಯೊಳಗೇ ಇರಲಿ. ಅದರ ಬೆಲೆ ಏರಿದಾಗ ದರವನ್ನು ಮುಟ್ಟಬೇಕೋ ಕಾಯಬೇಕೋ ಎಂಬ ವಿವೇಕ ಸಮಿತಿಗಿದೆ, 2023ರಲ್ಲಿ ಅದನ್ನು ತೋರಿಸಿಯೂ ಇದೆ. ಅದೇ ವಿವೇಕ ರಫ್ತಿನ ಬಾಗಿಲು ಹಾಕುವವರಿಗೂ ಬರಬೇಕು. ಬಾಗಿಲು ಹಾಕುವ ಬದಲು ಉಳ್ಳಾಗಡ್ಡಿ ಕೊಳೆಯದಂತೆ ಇಡುವ ಗೋದಾಮುಗಳಿಗೆ ಹಣ ಹಾಕಿದರೆ ಊಟ ಮಾಡುವವರಿಗೂ ಬೆಳೆಯುವವರಿಗೂ ಅದು ಒದಗುತ್ತಿತ್ತು.

ರಿಸರ್ವ್ ಬ್ಯಾಂಕು ನಿಯತವಾಗಿ ಮನೆಮನೆಗಳ ಸಮೀಕ್ಷೆಯೊಂದನ್ನು ನಡೆಸುತ್ತದೆ. ಇನ್ನು ಮೂರು ತಿಂಗಳಿಗೆ ಬೆಲೆಗಳು ಹೇಗಿರುತ್ತವೆ, ಒಂದು ವರ್ಷಕ್ಕೆ ಹೇಗಿರುತ್ತವೆ ಎಂದು ದೊಡ್ಡ ನಗರಗಳ ಜನರನ್ನು ಕೇಳುತ್ತಾರೆ. ಬೆಂಗಳೂರು ಆ ನಗರಗಳಲ್ಲೊಂದು. ಸರ್ಕಾರಿ ಅಂಕಿಗಿಂತ ಜನರ ಅಂದಾಜು ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಜನ ಏರಿಕೆಯನ್ನು ಎಷ್ಟು ನಿರೀಕ್ಷಿಸುತ್ತಾರೋ ಅಷ್ಟು ಪಗಾರ ಕೇಳುತ್ತಾರೆ, ಅಷ್ಟು ಮುಂಚಿತವಾಗಿ ಕೊಳ್ಳುತ್ತಾರೆ ಎಂಬುದಕ್ಕೇ ಸಮಿತಿಗೆ ಆ ಉತ್ತರಗಳು ಬೇಕು.

ಆ ನವೆಂಬರಿನ ಸಂಜೆ, ನೂರು ರೂಪಾಯಿಯ ಗಂಟಿನ ಲೆಕ್ಕ, ರೆಪೊ ದರ, ಖಾನಾವಳಿಯ ಫಲಕ ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವ್ವ ವಹಿಯನ್ನು ಮಡಚಿ ಕೇಳಿದಳು: "ಅದೆಲ್ಲಾ ತಿಳೀತು. ಈಗ ಜ್ವಾಳ ತಗೊಂಡ ಬಿಡ್ಲ್ಯೋ, ಸುಗ್ಗಿತನಕ ತಡೀಲ್ಯೋ?" ಹಿಂಗಾರಿಯ ಜೋಳ ಫೆಬ್ರುವರಿ, ಮಾರ್ಚಿನಲ್ಲಿ ಕಣಕ್ಕೆ ಬರುತ್ತದೆ, ಮಳೆ ಚೆನ್ನಾಗಿ ಆಗಿದೆ, ತಡೆಯೋಣ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅಂಗಡಿಗೆ ಫೋನ್ ಮಾಡಿ ಅರ್ಧ ಕ್ವಿಂಟಲ್ ಮಾಲದಂಡಿ ಜೋಳ ಕಳಿಸಲು ಹೇಳಿದಳು, ಉಳಿದರ್ಧಕ್ಕೆ ಸುಗ್ಗಿಯ ದರ ನೋಡೋಣ ಎಂದಳು.